ಹಾಸನ–ಚಿಕ್ಕಮಗಳೂರು ಕಾಲೇಜುಗಳಿಗೆ ಸೂಪರ್‌ಕಂಪ್ಯೂಟರ್: ಯಂತ್ರ ಕೇಳೋಣವೋ, ಸಮಯ ಕೇಳೋಣವೋ?

ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆಯ ಕೆಲವು ಕಾಲೇಜುಗಳ ಅಧ್ಯಾಪಕರು ಸೇರಿ ಒಂದು ಮನವಿ ಬರೆಯುತ್ತಿದ್ದೇವೆ. ನಮ್ಮಲ್ಲಿ ಸಂಶೋಧನೆ ಮಾಡುವ ಹುಡುಗರಿಗೆ ದೊಡ್ಡ ಲೆಕ್ಕ ಓಡಿಸಲು ಯಂತ್ರ ಸಿಗುತ್ತಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಸಿವಿಲ್, ಕೃಷಿ, ಯಾರನ್ನು ಕೇಳಿದರೂ ಇದೇ ಕಥೆ. ನಮ್ಮ ಲ್ಯಾಬ್‌ನಲ್ಲಿ ಒಬ್ಬ ಹುಡುಗ ಕ್ವಾಂಟಮ್ ಎಸ್ಪ್ರೆಸೊ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಒಂದು ಹರಳಿನ ಎಲೆಕ್ಟ್ರಾನ್ ರಚನೆ ಲೆಕ್ಕ ಮಾಡುತ್ತಿದ್ದಾನೆ. ಅದು ಓಡುತ್ತಿರುವುದು ಮಾಮೂಲಿ ಡೆಸ್ಕ್‌ಟಾಪ್ ಮೇಲೆ. ಮಾನಿಟರ್‌ಗೆ "ಲೆಕ್ಕ ನಡೆಯುತ್ತಿದೆ, ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದ್ದಾನೆ. ಸಂಜೆ ಬೀಗ ಹಾಕುವವರು ಚೀಟಿ ಓದಿ, ಮಾನಿಟರ್ ಮುಟ್ಟದೆ, ಗೋಡೆಯ ಮೇನ್ ಸ್ವಿಚ್ ಆರಿಸಿ ಹೋಗುತ್ತಾರೆ.

ನಮ್ಮೊಳಗೆ ಎರಡು ಅಭಿಪ್ರಾಯ ಇದೆ. ಒಂದೆರಡು ಕೋಟಿ ಕೇಳಿ ಹಾಸನದಲ್ಲೇ ಒಂದು ಕ್ಲಸ್ಟರ್ (ಹಲವು ಕಂಪ್ಯೂಟರ್ ಜೋಡಿಸಿದ ಯಂತ್ರ) ಇಟ್ಟುಕೊಳ್ಳೋಣ ಅಂತ ಕೆಲವರು. ದೇಶದಲ್ಲಿ ಆಗಲೇ ಇರುವ ಯಂತ್ರಗಳಲ್ಲಿ ನಮಗೂ ಸಮಯ ಕೊಡಿ ಅಂತ ಕೇಳೋಣ ಎನ್ನುವವರು ಇನ್ನು ಕೆಲವರು. ಗೊತ್ತಿರುವವರು ಹೇಳಿ.

ಬೇಲೂರು ಬಸ್ ಸ್ಟ್ಯಾಂಡ್

ಸರ್, ನಾನು ಈ ಫೀಲ್ಡ್‌ನವನಲ್ಲ, ತೆರಿಗೆ ಕಟ್ಟುವವನು ಅಷ್ಟೇ. ಈ ಯಂತ್ರಗಳು ಎಲ್ಲಿವೆ, ಯಾರ ದುಡ್ಡು, ಯಾರು ಉಪಯೋಗಿಸುತ್ತಾರೆ? ಅದನ್ನು ಮೊದಲು ಹೇಳಿದರೆ ನಮ್ಮಂಥವರಿಗೂ ಚರ್ಚೆ ಅರ್ಥ ಆಗುತ್ತೆ.

ಸರ್ವರ್ ರೂಮ್

ನಾನು ಹೇಳ್ತೇನೆ. ಬೆಂಗಳೂರಿನಲ್ಲಿ ಇಂಥ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದವನು, ಊರು ಹೊಳೆನರಸೀಪುರ.

ಕಥೆ ಹಳೆಯದು. 80ರ ದಶಕದಲ್ಲಿ ಅಮೆರಿಕ ತನ್ನ ಕ್ರೇ ಕಂಪನಿಯ ಸೂಪರ್‌ಕಂಪ್ಯೂಟರ್‌ಗಳನ್ನು ನಮಗೆ ಕೊಡಲು ಹಿಂದೆಮುಂದೆ ನೋಡಿತು. 1986ರಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ಫ್ಲೋಸಾಲ್ವರ್ ಅಂತ ಒಂದು ಸಮಾಂತರ (ಹಲವು ಪ್ರೊಸೆಸರ್ ಒಟ್ಟಿಗೆ ಲೆಕ್ಕ ಮಾಡುವ) ಕಂಪ್ಯೂಟರ್ ಕಟ್ಟಿದರು. 1988ರಲ್ಲಿ ಪುಣೆಯಲ್ಲಿ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಹುಟ್ಟಿತು. 1991ರಲ್ಲಿ ಅಲ್ಲಿಯ ವಿಜಯ್ ಭಟ್ಕರ್ ಅವರ ತಂಡ ಪರಮ್ 8000 ಸೂಪರ್‌ಕಂಪ್ಯೂಟರ್ ತಂದಿತು. ಆಮೇಲೆ ಬಹಳ ವರ್ಷ ಅಲ್ಲೊಂದು ಇಲ್ಲೊಂದು ಯಂತ್ರ ಬಂತು, ಒಟ್ಟಾರೆ ಒಂದು ಯೋಜನೆ ಅಂತ ಇರಲಿಲ್ಲ.

2015ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 7 ವರ್ಷಕ್ಕೆ 4,500 ಕೋಟಿ ರೂಪಾಯಿ, 70ಕ್ಕೂ ಹೆಚ್ಚು ಕೇಂದ್ರಗಳ ಗುರಿ. ದುಡ್ಡು ಎರಡು ಕಡೆಯಿಂದ: ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಎಲೆಕ್ಟ್ರಾನಿಕ್ಸ್–ಐಟಿ ಸಚಿವಾಲಯ. ಕೆಲಸ ನಡೆಸುವವರು ಸಿ-ಡ್ಯಾಕ್ ಮತ್ತು ಐಐಎಸ್ಸಿ. ಮೊದಲ ಯಂತ್ರ ಪರಮ್ ಶಿವಾಯ್ 2019ರಲ್ಲಿ ಬಿಎಚ್‌ಯು ಐಐಟಿಯಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಐಐಎಸ್ಸಿಯ ಪರಮ್ ಪ್ರವೇಗ ಇದೆ, 2022ರದ್ದು, 3.3 ಪೆಟಾಫ್ಲಾಪ್. ಜಕ್ಕೂರಿನ ವಿಜ್ಞಾನ ಸಂಶೋಧನಾ ಕೇಂದ್ರ ಜೆಎನ್‌ಸಿಎಎಸ್‌ಆರ್‌ನಲ್ಲಿ ಪರಮ್ ಯುಕ್ತಿ, ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿ ಪರಮ್ ಉತ್ಕರ್ಷ್. 2024ರ ಸೆಪ್ಟೆಂಬರ್‌ನಲ್ಲಿ ಪುಣೆ, ದೆಹಲಿ, ಕೋಲ್ಕತ್ತಾಗಳಲ್ಲಿ ಮೂರು ಪರಮ್ ರುದ್ರ ಬಂದವು, ಮೂರಕ್ಕೂ ಸೇರಿ 130 ಕೋಟಿ. ದೆಹಲಿಯದ್ದು ಇರುವುದು ಯುಜಿಸಿಯ ಅಂತರ ವಿಶ್ವವಿದ್ಯಾಲಯ ಕೇಂದ್ರವಾದ ಐಯುಎಸಿಯಲ್ಲಿ. ಆ ಕೇಂದ್ರ ಇರುವುದೇ ನಮ್ಮಂಥ ವಿಶ್ವವಿದ್ಯಾಲಯದವರಿಗಾಗಿ, ಇದನ್ನು ಮರೆಯಬೇಡಿ.

ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಒಂದರ ಮುಂದೆ 15 ಸೊನ್ನೆಯಷ್ಟು ಲೆಕ್ಕ.

ಅರಸೀಕೆರೆ ಪ್ಯಾಸೆಂಜರ್

ನೋಡಿದಿರಾ? ರಾಜ್ಯದ್ದು ಅಂತ ನೀವು ಹೇಳಿದ ಮೂರೂ ಬೆಂಗಳೂರಿನಲ್ಲೇ. ಅದಕ್ಕೇ ಹೇಳುವುದು, ನಮ್ಮದು ಅಂತ ಒಂದು ಬೇಕು.

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನು. ಹುಡುಗರು ಯಂತ್ರವನ್ನು ಕಣ್ಣಿಂದ ನೋಡಬೇಕು, ಕೇಬಲ್ ಮುಟ್ಟಬೇಕು, ಒಂದು ನೋಡ್ (ಕ್ಲಸ್ಟರ್‌ನ ಒಂದೊಂದು ಕಂಪ್ಯೂಟರ್) ಕೆಟ್ಟರೆ ಬಿಚ್ಚಬೇಕು. ದೂರದ ಯಂತ್ರಕ್ಕೆ ಲಾಗಿನ್ ಆಗಿ ಕಪ್ಪು ಪರದೆ ನೋಡಿದರೆ ಏನು ಕಲಿತಂಗಾಯ್ತು? ಇನ್ನೊಂದು ಮಾತು. ದೊಡ್ಡ ಸಂಸ್ಥೆಗಳಲ್ಲಿ ಮೊದಲು ಮನೆಯವರ ಊಟ, ಆಮೇಲೆ ಹೊರಗಿನವರಿಗೆ ಮಿಕ್ಕಿದ್ದು. ಇಪ್ಪತ್ತು ನೋಡ್ ಹಾಕಿಕೊಂಡರೆ ಸಾಕು, ಯಾರ ಹಂಗೂ ಇಲ್ಲ. ಹಾಸನದಲ್ಲಿ ಇಸ್ರೋದ ಎಂಸಿಎಫ್ 80ರ ದಶಕದಿಂದ ಉಪಗ್ರಹ ನೋಡಿಕೊಳ್ಳುತ್ತಿದೆ. ಅದು ಆಗುತ್ತೆ ಅಂದಮೇಲೆ ಇದು ಆಗಲ್ವಾ?

ಸರ್ವರ್ ರೂಮ್

ಎಂಸಿಎಫ್‌ನ ಹಿಂದೆ ಇಸ್ರೋ ಇದೆ ಸರ್. ಬಜೆಟ್, ಜನ ಎರಡೂ ಇದೆ. ನಿಮ್ಮ ಇಪ್ಪತ್ತು ನೋಡ್ ಹಿಂದೆ ಯಾರಿದ್ದಾರೆ?

ಲೆಕ್ಕ ಹಾಕೋಣ ಬನ್ನಿ. ಪ್ರವೇಗದಲ್ಲಿರುವಂಥ 48 ಕೋರ್‌ನ (ಕೋರ್ ಅಂದರೆ ಲೆಕ್ಕ ಮಾಡುವ ಒಂದು ಘಟಕ) ನೋಡ್ ಅಂತಲೇ ಇಟ್ಟುಕೊಳ್ಳಿ. ಇಪ್ಪತ್ತು ನೋಡ್ ಅಂದರೆ 960 ಕೋರ್. ಕಾಗದದ ಮೇಲೆ 90 ಟೆರಾಫ್ಲಾಪ್ (ಸಾವಿರ ಟೆರಾ ಸೇರಿದರೆ ಒಂದು ಪೆಟಾ) ಆಸುಪಾಸು, ಅಂದರೆ ಪ್ರವೇಗದ ಮೂವತ್ತಾರರಲ್ಲಿ ಒಂದು ಪಾಲು. ಒಂದು ನೋಡ್ 700 ವ್ಯಾಟ್ ಎಳೆದರೆ ಒಟ್ಟು 14 ಕಿಲೋವ್ಯಾಟ್. ಎಸಿ, ಯುಪಿಎಸ್ ಸೇರಿಸಿ 20 ಅನ್ನಿ. ವರ್ಷಕ್ಕೆ 8,760 ಗಂಟೆ. 1.75 ಲಕ್ಷ ಯೂನಿಟ್ ಆಯಿತು. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 14 ಲಕ್ಷ ಬರೀ ಕರೆಂಟು. ವಾರಂಟಿ ಮುಗಿದ ಮೇಲೆ ನಿರ್ವಹಣೆ ಗುತ್ತಿಗೆ ಬೇರೆ. ನೋಡಿಕೊಳ್ಳಲು ಕನಿಷ್ಠ ಒಬ್ಬ ಪೂರ್ತಿ ಹೊತ್ತಿನ ಅಡ್ಮಿನ್. ಐದಾರು ವರ್ಷಕ್ಕೆ ಯಂತ್ರ ಹಳೆಯದು. ಆಗ ಹೊಸದಕ್ಕೆ ಮತ್ತೆ ಒಂದೆರಡು ಕೋಟಿ ಯಾರು ಕೊಡ್ತಾರೆ?

ಇಂಥ ಕ್ಲಸ್ಟರ್‌ಗಳು ಮೂಲೆಯಲ್ಲಿ ಧೂಳು ಹಿಡಿದು ಕೂತಿರುವುದನ್ನು ನೋಡಿದ್ದೇನೆ. ಒಂದು ಕಡೆ ಎಸಿ ಕೆಟ್ಟಿತ್ತು, ರಿಪೇರಿಗೆ ಮಂಜೂರಾತಿ ಸಿಕ್ಕಿರಲಿಲ್ಲ. ಬೇಸಿಗೆ ಪೂರ್ತಿ ಯಂತ್ರ ಬಂದ್. ರ‍್ಯಾಕ್ ಮೇಲೆ ಯಾರೋ ಹಳೆಯ ಉತ್ತರಪತ್ರಿಕೆಗಳ ಕಟ್ಟು ಪೇರಿಸಿಟ್ಟಿದ್ದರು.

ಲೆಕ್ಕ ವಿಭಾಗ

ಸರ್ವರ್ ರೂಮ್ ಅವರು ಹೇಳಿದ್ದರ ಹಿಂದಿನ ಕಾರಣ ನನಗೆ ಗೊತ್ತು. ದಿನಾ ಅದೇ ಫೈಲು ನೋಡುವವಳು ನಾನು.

ಸಂಶೋಧನಾ ಅನುದಾನದಲ್ಲಿ ಹೆಡ್, ಅಂದರೆ ಖರ್ಚಿನ ಬಾಬತ್ತು, ಇರುತ್ತೆ. ಉಪಕರಣ, ಕನ್ಸ್ಯೂಮಬಲ್ಸ್, ಪ್ರಯಾಣ, ಮಾನವಶಕ್ತಿ, ಕಂಟಿಂಜೆನ್ಸಿ, ಓವರ್‌ಹೆಡ್. ಯಂತ್ರ ಕೊಂಡರೆ ಉಪಕರಣದ ಹೆಡ್‌ಗೆ ಹೋಗುತ್ತೆ. ಸ್ಟಾಕ್ ರಿಜಿಸ್ಟರ್‌ಗೆ ಏರುತ್ತೆ, ನಂಬರ್ ಬೀಳುತ್ತೆ, ಆಡಿಟ್‌ನವರು ಬಂದು ಮುಟ್ಟಿ ನೋಡ್ತಾರೆ. ಎಲ್ಲ ಸಲೀಸು. ಇನ್ನೊಂದು ಸಂಸ್ಥೆಯ ಯಂತ್ರದ ಮೇಲೆ "ಇಷ್ಟು ಕೋರ್-ಗಂಟೆ" (ಒಂದು ಕೋರ್ ಒಂದು ಗಂಟೆ ಓಡಿದ ಲೆಕ್ಕ) ಕೊಂಡೆವು ಅಂದರೆ ಯಾವ ಹೆಡ್? ಕನ್ಸ್ಯೂಮಬಲ್ಸ್ ಅಂದರೆ "ಏನು ಕನ್ಸ್ಯೂಮ್ ಆಯ್ತು, ತೋರಿಸಿ" ಅಂತಾರೆ. ಕಂಟಿಂಜೆನ್ಸಿ ಅಂದರೆ ಅದರಲ್ಲಿ ಅಷ್ಟು ದುಡ್ಡೇ ಇರಲ್ಲ.

ಹಾಗಾಗಿ ಮೇಷ್ಟ್ರುಗಳು ಯಂತ್ರವನ್ನೇ ಕೇಳುತ್ತಾರೆ. ಅವರಿಗೆ ಯಂತ್ರ ಬೇಕು ಅಂತಲ್ಲ, ಫೈಲು ದಾಟುವ ದಾರಿ ಅದೊಂದೇ. ಜೊತೆಗೆ ದುಡ್ಡು ಬರುವುದು ತಡ, ಮಾರ್ಚ್ 31ರೊಳಗೆ ಖರ್ಚು ತೋರಿಸಿ ಬಳಕೆ ಪ್ರಮಾಣಪತ್ರ ಕೊಡಬೇಕು. ಅವಸರದಲ್ಲಿ ಖರ್ಚು ಮಾಡಲು ಯಂತ್ರದಷ್ಟು ಸುಲಭದ್ದು ಇನ್ನೊಂದಿಲ್ಲ. ಉದ್ಘಾಟನೆಗೆ ಟೇಪು ಕಟ್ಟುವುದಕ್ಕೂ ಏನಾದರೂ ಬೇಕಲ್ಲ.

ನಿಮ್ಮ ಮನವಿಯಲ್ಲಿ ಬೇರೇನು ಬರೆಯದಿದ್ದರೂ ಪರವಾಗಿಲ್ಲ. "ಕಂಪ್ಯೂಟಿಂಗ್ ಸಮಯ" ಅಂತ ಪ್ರತ್ಯೇಕ ಹೆಡ್ ಕೊಡಿ ಅಂತ ಬರೆಯಿರಿ.

ಬೇಲೂರು ಬಸ್ ಸ್ಟ್ಯಾಂಡ್

ಮೇಡಂ, ಇಷ್ಟು ವರ್ಷಕ್ಕೆ ಮೊದಲ ಸಲ ಒಬ್ಬರು ಅಕೌಂಟ್ಸ್‌ನವರು ಹೇಳಿದ್ದು ಅರ್ಥ ಆಯ್ತು 🙏

ಕ್ಯೂನಲ್ಲಿರುವವಳು

ನಾನು ಪಿಎಚ್‌ಡಿ ಮಾಡುತ್ತಿದ್ದೇನೆ, ಚಿಕ್ಕಮಗಳೂರು. ರಾಷ್ಟ್ರೀಯ ಯಂತ್ರವೊಂದರಲ್ಲಿ ಖಾತೆ ಇದೆ. ಯಾವುದು ಅಂತ ಹೇಳಲ್ಲ. ಸಮಯ ಸಿಕ್ಕರೆ ಸಾಕು ಅನ್ನುವವರು ಇದನ್ನು ಓದಬೇಕು.

ನನ್ನ ವಿಷಯ ಮಳೆ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವ ಜಾಗದಲ್ಲಿ ಭಾರಿ ಮಳೆ ಬಿದ್ದ ದಿನಗಳನ್ನು ಡಬ್ಲ್ಯೂಆರ್‌ಎಫ್ ಅನ್ನುವ ಹವಾಮಾನ ಮಾದರಿಯಲ್ಲಿ ಮತ್ತೆ ಓಡಿಸಿ ನೋಡುತ್ತೇನೆ. ಘಾಟಿ ಕುಸಿಯುವುದಕ್ಕೂ ಮಳೆ ಎಷ್ಟು ಹೊತ್ತು, ಯಾವ ಇಳಿಜಾರಿನ ಮೇಲೆ ಸುರಿಯಿತು ಎನ್ನುವುದಕ್ಕೂ ಸಂಬಂಧ ಇದೆ. ಗುಡ್ಡ ಕಣಿವೆ ಕಾಣಬೇಕಾದರೆ ಮಾದರಿಯ ಚೌಕಗಳು ಚಿಕ್ಕದಾಗಬೇಕು. ಚೌಕದ ಅಗಲ ಅರ್ಧ ಮಾಡಿದರೆ ಉದ್ದಕ್ಕೆ ಎರಡು ಪಟ್ಟು, ಅಡ್ಡಕ್ಕೆ ಎರಡು ಪಟ್ಟು, ಕಾಲದ ಹೆಜ್ಜೆಯೂ ಅರ್ಧ ಆಗಬೇಕು, ಒಟ್ಟು ಎಂಟು ಪಟ್ಟು ಲೆಕ್ಕ. 12 ಕಿಲೋಮೀಟರ್‌ನಿಂದ 3ಕ್ಕೆ ಬಂದರೆ 64 ಪಟ್ಟು. ಲ್ಯಾಬ್ ಪಿಸಿಯಲ್ಲಿ ಸಾಧ್ಯವೇ ಇಲ್ಲ.

ಖಾತೆಗೆ ಅರ್ಜಿ ಹಾಕಿದೆ. ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಸಂಸ್ಥೆಯ ಇಮೇಲ್ ಬೇಕು. ನಮ್ಮಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಸಂಸ್ಥೆಯ ಇಮೇಲ್ ಇರಲಿಲ್ಲ. ಅದು ಮಾಡಿಸುವುದಕ್ಕೇ ಒಂದು ಸೆಮಿಸ್ಟರ್ ಹೋಯ್ತು. ಖಾತೆ ಬಂತು, ಲಾಗಿನ್ ಆಗಲ್ಲ. ಪಾಸ್‌ವರ್ಡ್ ತಪ್ಪೇನೋ ಅಂತ ಅಲ್ಲಿಯವರನ್ನು ಕಾಡಿದೆ. ಕೊನೆಗೆ ನೋಡಿದರೆ ನಮ್ಮ ಕಾಲೇಜಿನ ಫೈರ್‌ವಾಲ್‌ನಲ್ಲೇ ದೂರದ ಯಂತ್ರಕ್ಕೆ ಲಾಗಿನ್ ಆಗುವ ದಾರಿ, ಎಸ್‌ಎಸ್‌ಎಚ್‌ನ 22ನೇ ಪೋರ್ಟ್, ಬಂದ್ ಆಗಿತ್ತು. ತೆಗೆಯಿರಿ ಅಂದರೆ "ಸೆಕ್ಯುರಿಟಿ" ಅಂದರು. ಈಗಲೂ ಬಸ್ ಸ್ಟ್ಯಾಂಡ್ ಹತ್ತಿರದ ರೂಮಿನಿಂದ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ರಾಷ್ಟ್ರೀಯ ಸೂಪರ್‌ಕಂಪ್ಯೂಟರ್‌ಗೆ ಹೋಗುತ್ತೇನೆ. ನಗಬೇಡಿ.

ಆಮೇಲೆ ಕ್ಯೂ. ಅಲ್ಲಿ ಕೆಲಸ ಹಂಚುವುದು ಸ್ಲರ್ಮ್ ಅನ್ನುವ ಸಾಫ್ಟ್‌ವೇರ್. ಎಷ್ಟು ನೋಡ್ ಬೇಕು, ಎಷ್ಟು ಹೊತ್ತು ಬೇಕು ಅಂತ ಒಂದು ಸ್ಕ್ರಿಪ್ಟ್ ಬರೆದು ಹಾಕಬೇಕು. ಪಾಳಿ ಬಂದಾಗ ಓಡುತ್ತೆ. ಜಾಸ್ತಿ ಹೊತ್ತು ಕೇಳಿದರೆ ಪಾಳಿ ಬರುವುದೇ ತಡ. ಕಡಿಮೆ ಕೇಳಿದರೆ ಹೊತ್ತು ಮುಗಿದ ತಕ್ಷಣ ಕೆಲಸವನ್ನು ಕೊಂದುಹಾಕುತ್ತೆ, ಮುಲಾಜಿಲ್ಲ. ನಡುನಡುವೆ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟರೆ ಅಲ್ಲಿಂದಲೇ ಮುಂದುವರಿಸಬಹುದು, ಆದರೆ ಅದನ್ನು ಹೇಳಿಕೊಡುವವರು ಯಾರು? ಸ್ಕ್ರ್ಯಾಚ್ ಅನ್ನುವ ತಾತ್ಕಾಲಿಕ ಜಾಗದಲ್ಲಿ ಬಿಟ್ಟ ಫೈಲುಗಳನ್ನು ಅವರು ಆಗಾಗ ಅಳಿಸುತ್ತಾರೆ ಅಂತಲೂ ಯಾರೋ ಹೇಳಬೇಕಲ್ಲ? ಐಐಟಿ ಹುಡುಗರಿಗೆ ಪಕ್ಕದ ಕುರ್ಚಿಯ ಸೀನಿಯರ್ ಹೇಳ್ತಾನೆ. ನನ್ನ ಪಕ್ಕದ ಕುರ್ಚಿ ಖಾಲಿ.

ಸಮಯ ಕೊಟ್ಟರೆ ಸಾಲದು. ಸಮಯದ ಜೊತೆ ಮನುಷ್ಯರನ್ನೂ ಕೊಡಬೇಕು.

ಮೂಡಿಗೆರೆ ತೋಟ

ತಂಗಿ, ನೀನು ಮಾಡುತ್ತಿರುವ ಕೆಲಸ ನಮಗೆ ಬೇಕು. ಕಾಫಿಗೆ ಹೂಮಳೆ ಯಾವಾಗ, ಎಷ್ಟು ಅನ್ನುವುದೇ ವರ್ಷದ ಲೆಕ್ಕ. ನಮ್ಮ ತೋಟಕ್ಕೆ ಬಿದ್ದ ಮಳೆ ಎದುರು ಗುಡ್ಡದವರಿಗೆ ಬಿದ್ದಿರಲ್ಲ. 2025ರ ಮೇನಲ್ಲಿ ಭಾರತ್ ಫೋರ್ಕಾಸ್ಟ್ ಸಿಸ್ಟಮ್ ಬಂತು, 12 ಕಿಲೋಮೀಟರ್ ಇದ್ದ ಚೌಕ 6 ಆಯಿತು ಅಂತ ಓದಿದೆ. ಒಳ್ಳೆಯದೇ. ಆದರೆ ನಮ್ಮ ಕಡೆ 6 ಕಿಲೋಮೀಟರ್ ಒಳಗೆ ಎರಡು ಗುಡ್ಡ, ಒಂದು ಹಳ್ಳ ಬರುತ್ತೆ ಮಾರಾಯ್ರೆ.

ಅರಸೀಕೆರೆಯವರಿಗೆ ಒಂದು ಮಾತು. ಸರ್ಕಾರದ ಕೃಷಿ ಯಂತ್ರಧಾರೆ ನೋಡಿದ್ದೀರಲ್ಲ? ಹೋಬಳಿಗೊಂದು ಕೇಂದ್ರ, ಬಾಡಿಗೆಗೆ ಟಿಲ್ಲರ್, ಟ್ರ್ಯಾಕ್ಟರ್. ಮನೆಗೊಂದು ಟ್ರ್ಯಾಕ್ಟರ್ ಕೊಂಡವರು ಸಾಲದಲ್ಲಿದ್ದಾರೆ. ಬಾಡಿಗೆಯವರು ಬಚಾವು. ಆದರೆ ಒಂದು ಷರತ್ತು, ಟ್ರ್ಯಾಕ್ಟರ್ ಜೊತೆ ಓಡಿಸಲು ಬರುವ ಡ್ರೈವರ್ ಇರಬೇಕು.

ಅರಸೀಕೆರೆ ಪ್ಯಾಸೆಂಜರ್

ತೋಟದಣ್ಣ, ಉಳುಮೆ ಹದ ಬಂದಾಗ ಎಲ್ಲರಿಗೂ ಟ್ರ್ಯಾಕ್ಟರ್ ಒಂದೇ ದಿನ ಬೇಕಾಗುತ್ತೆ. ಆವಾಗ ಬಾಡಿಗೆ ಟ್ರ್ಯಾಕ್ಟರ್ ಯಾರ ಹೊಲಕ್ಕೆ ಮೊದಲು ಹೋಗುತ್ತೆ, ನೀವೇ ಹೇಳಿ. ನಾನು ಕೇಳುತ್ತಿರುವುದೂ ಅದೇ. ಹಂಚುವವರು ಯಾರು?

ಕಡೂರಿನವನು

ಅದು ಸರಿಯಾದ ಪ್ರಶ್ನೆ. ಈಗ ಅಮೆರಿಕದಲ್ಲಿ ಒಂದು ವಿಶ್ವವಿದ್ಯಾಲಯದಲ್ಲಿದ್ದೇನೆ, ಇಲ್ಲಿಯ ಪದ್ಧತಿ ಹೇಳ್ತೇನೆ. ಅವರದ್ದೇ ಸರಿ ಅಂತಲ್ಲ, ನೋಡುವುದಕ್ಕೆ ಒಂದು ಮಾದರಿ.

ಇಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್ 80ರ ದಶಕದಲ್ಲೇ ವಿಶ್ವವಿದ್ಯಾಲಯಗಳಿಗಾಗಿ ಸೂಪರ್‌ಕಂಪ್ಯೂಟರ್ ಕೇಂದ್ರಗಳನ್ನು ಶುರು ಮಾಡಿತು. ಯಂತ್ರಗಳು ಬೇರೆಬೇರೆ ಊರಿನಲ್ಲಿ, ಆದರೆ ಅರ್ಜಿ ಹಾಕುವ ಬಾಗಿಲು ಒಂದೇ. ಆ ಬಾಗಿಲಿನ ಹೆಸರು ಮೊದಲು ಟೆರಾಗ್ರಿಡ್, ಆಮೇಲೆ ಎಕ್ಸ್‌ಸೀಡ್, 2022ರಿಂದ ಆಕ್ಸೆಸ್. ನಾಲ್ಕು ಹಂತ ಇದೆ. ಮೊದಲ ಹಂತಕ್ಕೆ ಚಿಕ್ಕದೊಂದು ಸಾರಾಂಶ ಬರೆದರೆ ಸಾಕು, ಪಿಎಚ್‌ಡಿ ವಿದ್ಯಾರ್ಥಿಯೂ ಗೈಡ್ ಪತ್ರ ಇಟ್ಟು ಕೇಳಬಹುದು. ತುಂಬಾ ದೊಡ್ಡ ಪಾಲು ಬೇಕೆಂದವರು ಮಾತ್ರ ಪೂರ್ತಿ ಪ್ರಸ್ತಾವನೆ ಬರೆದು ತಜ್ಞರ ವಿಮರ್ಶೆಗೆ ಕೂರಬೇಕು. ಸಿಕ್ಕ ಕ್ರೆಡಿಟ್ಟನ್ನು ಯಾವ ಯಂತ್ರಕ್ಕೆ ಬೇಕೋ ಅದಕ್ಕೆ ಬದಲಾಯಿಸಿಕೊಳ್ಳಬಹುದು. ಸಂಶೋಧಕರಿಗೆ ಖರ್ಚಿಲ್ಲ.

ಕ್ಯೂನಲ್ಲಿರುವ ಅಕ್ಕ ಹೇಳಿದ ಖಾಲಿ ಕುರ್ಚಿಗೂ ಇಲ್ಲಿ ಒಂದು ವ್ಯವಸ್ಥೆ ಇದೆ. ಕ್ಯಾಂಪಸ್ ಚಾಂಪಿಯನ್ಸ್ ಅಂತ ಟೆರಾಗ್ರಿಡ್ ಕಾಲದಲ್ಲಿ ಶುರುವಾದದ್ದು. ಪ್ರತಿ ಕ್ಯಾಂಪಸ್‌ನಲ್ಲಿ ಒಬ್ಬರು, ಮೊದಲ ಸ್ಕ್ರಿಪ್ಟ್ ಬರೆದುಕೊಡುವವರು, ಪೋರ್ಟ್ ತೆಗೆಸಲು ಐಟಿಯವರ ಹತ್ತಿರ ಜಗಳ ಆಡುವವರು. ಚಿಕ್ಕ ಕಾಲೇಜುಗಳಿಗೆ ಇದರಿಂದ ಆದ ಉಪಕಾರ ಯಂತ್ರದಿಂದ ಆದದ್ದಕ್ಕಿಂತ ಕಡಿಮೆ ಏನಲ್ಲ.

ನಮ್ಮ ಮಿಷನ್ ಕೂಡ ಖರಗ್‌ಪುರ, ಮದ್ರಾಸ್, ಗೋವಾ, ಪಾಲಕ್ಕಾಡ್ ಐಐಟಿಗಳಲ್ಲಿ ತರಬೇತಿ ಕೇಂದ್ರ ಮಾಡಿದೆ. ಆದರೆ ತರಬೇತಿ ಮುಗಿಸಿ ಊರಿಗೆ ಬಂದವನಿಗೆ ಊರಿನಲ್ಲಿ ಹುದ್ದೆ ಇಲ್ಲ.

ಸರ್ವರ್ ರೂಮ್

ಕೊನೆಯ ಸಾಲಿಗೆ ನೂರು ಸಲ ಒಪ್ಪಿಗೆ. ಒಳ್ಳೆಯ ಅಡ್ಮಿನ್‌ನನ್ನು ಆರು ತಿಂಗಳ ಗುತ್ತಿಗೆಯಲ್ಲಿ ಇಟ್ಟುಕೊಂಡರೆ ಏಳನೇ ತಿಂಗಳು ಅವನು ಯಾವುದೋ ಕ್ಲೌಡ್ ಕಂಪನಿಯಲ್ಲಿರುತ್ತಾನೆ. ನಾನು ಹೋದದ್ದೂ ಹಾಗೇ.

ನೆಟ್‌ವರ್ಕ್ ಬಗ್ಗೆಯೂ ಹೇಳಿಬಿಡ್ತೇನೆ. 2010ರಲ್ಲಿ 5,990 ಕೋಟಿಯ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ಸಿಕ್ಕಿತು. ಸೂಪರ್‌ಕಂಪ್ಯೂಟರ್‌ಗಳನ್ನು ಸಂಶೋಧಕರಿಗೆ ಮುಟ್ಟಿಸುವುದು ಇದೇ ಜಾಲದ ಮೂಲಕ. ಆದರೆ ಕಾಲೇಜಿನ ಕೊನೆಯ ಲೈನ್ 100 ಎಂಬಿಪಿಎಸ್ ಇದ್ದರೆ ಒಂದು ಟೆರಾಬೈಟ್ ಇಳಿಸಲು ಲೆಕ್ಕದ ಪ್ರಕಾರವೇ 22 ಗಂಟೆ, ಅದೂ ಮಿಕ್ಕವರು ಯಾರೂ ನೆಟ್ ಮುಟ್ಟದಿದ್ದರೆ. ಮಳೆ ಮಾದರಿಯವರು ಕಚ್ಚಾ ಔಟ್‌ಪುಟ್ ಇಳಿಸಬೇಡಿ. ಅಲ್ಲೇ ಸೋಸಿ, ಬೇಕಾದ ಮಳೆ, ಗಾಳಿ, ತೇವಾಂಶ ಮಾತ್ರ ತನ್ನಿ.

ಹಾಸನದ ಮೇಷ್ಟ್ರು

ಒಬ್ಬರು ಮಿತ್ರರು ಕೇಳಿದರು: ಇಂಡಿಯಾ ಎಐ ಮಿಷನ್‌ನಲ್ಲಿ ಜಿಪಿಯು (ಎಐಗೆ ಬಳಸುವ ವೇಗದ ಚಿಪ್) ಅಗ್ಗಕ್ಕೆ ಸಿಗುತ್ತಲ್ಲ, ಅದೇ ಸಾಲದಾ? 2024ರ ಮಾರ್ಚ್‌ನಲ್ಲಿ 10,371.92 ಕೋಟಿಯ ಮಂಜೂರಾತಿ ಆಗಿದೆ, ದೊಡ್ಡ ಮೊತ್ತ.

ಸರ್ವರ್ ರೂಮ್

ಎಐ ಮಾಡುವವರಿಗೆ ಖಂಡಿತ ಉಪಯೋಗ. ಖಾಸಗಿ ಕಂಪನಿಗಳ ಜಿಪಿಯು, ಬಾಡಿಗೆಯಲ್ಲಿ ಒಂದು ಪಾಲು ಸರ್ಕಾರದ್ದು. ನಿಮ್ಮ ಹುಡುಗನ ಕ್ವಾಂಟಮ್ ಎಸ್ಪ್ರೆಸೊ ಕೂಡ ಜಿಪಿಯು ಮೇಲೆ ಓಡುತ್ತೆ. ಆದರೆ ಮಳೆ ಮಾದರಿಯ ಮಾಮೂಲಿ ಆವೃತ್ತಿಗೆ ಬೇಕಾದದ್ದು ತುಂಬಾ ಸಿಪಿಯು ಕೋರ್, ಅವುಗಳ ನಡುವೆ ವೇಗದ ಜಾಲ. ಎಐ ಎಂದ ಕೂಡಲೇ ದುಡ್ಡೆಲ್ಲ ಆ ಕಡೆ ವಾಲಿದರೆ ಇವರು ನಡುನೀರಿನಲ್ಲಿ.

ಲೆಕ್ಕ ವಿಭಾಗ

ದುಡ್ಡಿನ ಮೂಲದ ಬಗ್ಗೆ. ಸಂಶೋಧನೆಗೆ ಅನುದಾನ ಕೊಡುತ್ತಿದ್ದ ಕೇಂದ್ರದ ಎಸ್‌ಇಆರ್‌ಬಿ ಈಗ ಇಲ್ಲ, ಅದನ್ನು ಎಎನ್‌ಆರ್‌ಎಫ್ ಅನ್ನುವ ಹೊಸ ಸಂಸ್ಥೆಯಲ್ಲಿ ಸೇರಿಸಿದ್ದಾರೆ. 2023ರ ಕಾಯ್ದೆ, 5 ವರ್ಷಕ್ಕೆ 50,000 ಕೋಟಿಯ ಅಂದಾಜು, ಅದರಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ ಬರಬೇಕಂತೆ. ಬಂದರೆ ಸಂತೋಷ. ಅವರದ್ದು ಪೇರ್ ಅಂತ ಒಂದು ಯೋಜನೆ ಇದೆ, ದೊಡ್ಡ ಸಂಸ್ಥೆ ನಡುವೆ, ಚಿಕ್ಕ ವಿಶ್ವವಿದ್ಯಾಲಯಗಳು ಸುತ್ತ. ಅಂಥ ಯೋಜನೆಯೊಳಗೆ ಕೋರ್-ಗಂಟೆ ಮತ್ತು ಜನರ ಸಂಬಳ ಎರಡನ್ನೂ ಸೇರಿಸಿ ಕೇಳಬಹುದು.

ಇನ್ನೊಂದು. ಸಮಯ ಪುಕ್ಕಟೆ ಇರಲಿ, ಆದರೆ ತಿಂಗಳಿಗೊಮ್ಮೆ ಬಿಲ್ ಬರಲಿ. "ನೀವು ಇಷ್ಟು ಗಂಟೆ ಬಳಸಿದ್ದೀರಿ, ಇದರ ಬೆಲೆ ಇಷ್ಟು, ಕಟ್ಟಬೇಕಾದದ್ದು ಸೊನ್ನೆ" ಅಂತ. ಸುಮ್ನೆ ಓಡಿಸಿ ಮರೆತುಬಿಡುವುದು ಕಡಿಮೆ ಆಗುತ್ತೆ. ಆಡಿಟ್‌ಗೂ ಒಂದು ಕಾಗದ ಸಿಗುತ್ತೆ.

ಅರಸೀಕೆರೆ ಪ್ಯಾಸೆಂಜರ್

ಬಿಲ್ ಐಡಿಯಾ ಚೆನ್ನಾಗಿದೆ. ಆದರೂ ನನ್ನ ಹಟ ಪೂರ್ತಿ ಬಿಡಲ್ಲ. ಇಪ್ಪತ್ತು ನೋಡ್ ಬೇಡ ಅಂದರೆ ನಾಲ್ಕು ನೋಡ್ ಕೊಡಿ. ಅದೇ ಸ್ಲರ್ಮ್, ಅದೇ ಲಿನಕ್ಸ್. ಹುಡುಗರು ಸ್ಕ್ರಿಪ್ಟ್ ತಪ್ಪು ಬರೆದು ಇಲ್ಲೇ ಕೆಡಿಸಲಿ, ಸರಿಯಾದ ಮೇಲೆ ದೊಡ್ಡ ಯಂತ್ರಕ್ಕೆ ಕಳಿಸಲಿ. ದೊಡ್ಡ ಯಂತ್ರದವರ ಸಮಯವೂ ಉಳಿಯುತ್ತೆ. ಹತ್ತು ಕೋರ್‌ನಲ್ಲಿ ಎಷ್ಟು ವೇಗ, ನೂರರಲ್ಲಿ ಎಷ್ಟು ಅಂತ ಅಳೆದು ತೋರಿಸದೆ ಯಾವ ಸಮಿತಿಯೂ ದೊಡ್ಡ ಪಾಲು ಕೊಡಲ್ಲ. ಆ ಅಳತೆ ಎಲ್ಲಿ ಮಾಡೋಣ?

ಸರ್ವರ್ ರೂಮ್

ನಾಲ್ಕು ನೋಡ್ ಆದರೆ ನನ್ನ ತಕರಾರಿಲ್ಲ. ಒಂದು ರೂಮ್ ಎಸಿ, ಒಂದು ಯುಪಿಎಸ್‌ನಲ್ಲಿ ಮುಗಿಯುತ್ತೆ. ಆದರೆ ಕೊಳ್ಳುವ ಆರ್ಡರ್‌ಗಿಂತ ಮೊದಲು ಅಡ್ಮಿನ್ ಹುದ್ದೆಯ ಆದೇಶ ಕೈಗೆ ಬರಲಿ.

ಹಾಸನದ ಮೇಷ್ಟ್ರು

ಹಾಗಾದರೆ ಕರಡು ತಿದ್ದುತ್ತೇನೆ. ಮೊದಲು ಎರಡು ಜಿಲ್ಲೆಗೆ ಸೇರಿ ಮೂರು ಹುದ್ದೆ, ಐದು ವರ್ಷಕ್ಕೆ. ಅವರು ಕಾಲೇಜಿಂದ ಕಾಲೇಜಿಗೆ ಓಡಾಡಬೇಕು, ಹಾಸನದಲ್ಲೇ ಕೂರುವಂತಿಲ್ಲ. ಆಮೇಲೆ ರಾಷ್ಟ್ರೀಯ ಯಂತ್ರಗಳಲ್ಲಿ ಚಿಕ್ಕ ಸಂಸ್ಥೆಗಳಿಗೆ ಪ್ರತ್ಯೇಕ ಪಾಲು, ಮೊದಲ ಹಂತಕ್ಕೆ ಒಂದು ಪುಟದ ಅರ್ಜಿ. ಕಂಪ್ಯೂಟಿಂಗ್ ಸಮಯಕ್ಕೆ ಬೇರೆ ಹೆಡ್. ಕೊನೆಗೆ ಅರಸೀಕೆರೆಯವರ ನಾಲ್ಕು ನೋಡ್. 22ನೇ ಪೋರ್ಟ್ ವಿಷಯ ದೆಹಲಿಗೆ ಬರೆಯುವಂಥದ್ದಲ್ಲ, ನಮ್ಮ ಪ್ರಾಂಶುಪಾಲರುಗಳ ಹತ್ತಿರ ನಾವೇ ಹೋಗಬೇಕು.

ಕ್ಯೂನಲ್ಲಿರುವವಳು

ಸರ್, ಒಂದು ಅನುಮಾನ. ಯಾರ ಲೆಟರ್‌ಹೆಡ್‌ನಲ್ಲಿ ಕಳಿಸ್ತೀರಿ? ಹಾಸನ ವಿಶ್ವವಿದ್ಯಾಲಯ ಮೈಸೂರು ವಿಶ್ವವಿದ್ಯಾಲಯದ ಹೇಮಗಂಗೋತ್ರಿ ಕೇಂದ್ರದಿಂದ ಆದ ಹೊಸದು. 2025ರಲ್ಲಿ ಸಂಪುಟ ಉಪಸಮಿತಿ ಇಂಥ ಹೊಸ ವಿಶ್ವವಿದ್ಯಾಲಯಗಳನ್ನೇ ಮುಚ್ಚುವ ಮಾತಾಡಿತ್ತು. ನಮ್ಮ ಚಿಕ್ಕಮಗಳೂರಿನ ಡಿಗ್ರಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದ ಕೆಳಗೆ. ಎಂಜಿನಿಯರಿಂಗ್‌ನವರು ವಿಟಿಯು. ಮೂರು ಕುಲಸಚಿವರು ಸಹಿ ಹಾಕಬೇಕಾ?

ಲೆಕ್ಕ ವಿಭಾಗ

ಮೂರು ಸಹಿ ಅಂದರೆ ಮೂರು ಫೈಲು. ಈ ವರ್ಷ ಆಗಲ್ಲ. ಒಂದು ಸಂಸ್ಥೆ ಮುಂದೆ ನಿಲ್ಲಲಿ, ಉಳಿದವರು ಒಡಂಬಡಿಕೆ ಪತ್ರ ಕೊಡಲಿ. ಹಣ ಒಂದೇ ಖಾತೆಗೆ ಬರಲಿ. ಇಲ್ಲದಿದ್ದರೆ ಬಳಕೆ ಪ್ರಮಾಣಪತ್ರಕ್ಕೆ ನಾನೇ ಮೂರೂ ಊರು ಸುತ್ತಬೇಕಾಗುತ್ತೆ. ಮುಂದೆ ನಿಲ್ಲುವ ಸಂಸ್ಥೆ ಯಾವುದು ಅಂತ ಮೇಷ್ಟ್ರು ಇಲ್ಲೇ ಕೇಳಿಬಿಡಿ.

ಮೂಡಿಗೆರೆ ತೋಟ

ಬೆಳೆಗಾರರ ಕಡೆಯಿಂದಲೂ ಒಂದು ಬೆಂಬಲ ಪತ್ರ ಬೇಕಿದ್ದರೆ ಹೇಳಿ. ನಮ್ಮ ಸಂಘದವರನ್ನು ಕೇಳ್ತೇನೆ. ತಂಗಿಯ ಮಳೆ ನಕ್ಷೆ ಒಂದು ಕೊಟ್ಟರೆ ಅದನ್ನೇ ಜೊತೆಗೆ ಇಡಬಹುದು.

ಕ್ಯೂನಲ್ಲಿರುವವಳು

ಕೊಡ್ತೇನೆ ಅಣ್ಣ. ಜಾಬ್ ಇನ್ನೂ ಕ್ಯೂನಲ್ಲಿದೆ, ಓಡಿದ ಮೇಲೆ.